ಬೀದರ್ ಜಿಲ್ಲೆಯಲ್ಲಿ ಇಂಧನ ದಕ್ಷತೆ ಮತ್ತು ಅಲ್ಪ ಇಂಗಾಲದ ಇಂಧನ ನೀತಿಗಳು

ಬೀದರ್ ಜಿಲ್ಲೆಯಲ್ಲಿ ಇಂಧನ ದಕ್ಷತೆ ಮತ್ತು ಅಲ್ಪ ಇಂಗಾಲದ ಇಂಧನ ನೀತಿಗಳು ಎಂಬುದು ಕರ್ನಾಟಕದ ಉತ್ತರ ತುದಿಯಲ್ಲಿರುವ ಬೀದರ್ ಜಿಲ್ಲೆಗೆ ಅನ್ವಯಿಸುವ, ವಿದ್ಯುತ್ತಿನ ಮಿತವ್ಯಯ ಹಾಗೂ ಸೌರಶಕ್ತಿ ಮುಂತಾದ ನವೀಕರಿಸಬಹುದಾದ ಇಂಧನಗಳ ಬಳಕೆಯನ್ನು ಉತ್ತೇಜಿಸುವ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಕಾಯ್ದೆ, ನಿಯಮ ಹಾಗೂ ಯೋಜನೆಗಳ ಒಟ್ಟು ಸಮೂಹವನ್ನು ಸೂಚಿಸುತ್ತದೆ. ಈ ನೀತಿಗಳು ಜಿಲ್ಲೆಗೆಂದೇ ರೂಪುಗೊಂಡವಲ್ಲ. ಆದರೆ ಬೀದರ್ ನಗರದ ಮನೆಗಳು, ಭಾಲ್ಕಿಯ ಕಬ್ಬಿನ ಗದ್ದೆಗಳು ಮತ್ತು ಔರಾದ್‌ನ ಮಳೆಯಾಶ್ರಿತ ಹೊಲಗಳಲ್ಲಿ ಅವು ಬೇರೆ ಬೇರೆ ರೀತಿಯ ಪರಿಣಾಮಗಳನ್ನು ಬೀರುತ್ತವೆ. ವಿದ್ಯುತ್ ಉಳಿಸಲು ಪ್ರೋತ್ಸಾಹಿಸುವ ನೀತಿ, ವಿದ್ಯುತ್ತನ್ನು ಉಚಿತವಾಗಿ ಒದಗಿಸುವ ನೀತಿ ಮತ್ತು ಭೂಮಿಯನ್ನು ಸೌರ ಸ್ಥಾವರಗಳಿಗೆ ಒದಗಿಸುವ ನೀತಿ, ಈ ಮೂರೂ ಒಂದೇ ಜಿಲ್ಲೆಯಲ್ಲಿ ಏಕಕಾಲಕ್ಕೆ ಜಾರಿಯಲ್ಲಿರುವುದು ಈ ವಿಷಯದ ಮುಖ್ಯ ಲಕ್ಷಣವಾಗಿದೆ.

ಹಿನ್ನೆಲೆ

ಬೀದರ್ ಜಿಲ್ಲೆಯು ಮಹಾರಾಷ್ಟ್ರ ಮತ್ತು ತೆಲಂಗಾಣ ರಾಜ್ಯಗಳ ಗಡಿಗೆ ಹೊಂದಿಕೊಂಡಿದೆ. ಇದರ ವಿಸ್ತೀರ್ಣ 5,448 ಚದರ ಕಿಲೋಮೀಟರ್. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 17,03,300. ಬೀದರ್, ಭಾಲ್ಕಿ, ಔರಾದ್, ಬಸವಕಲ್ಯಾಣ ಮತ್ತು ಹುಮನಾಬಾದ್ ಇಲ್ಲಿನ ಹಳೆಯ ತಾಲ್ಲೂಕುಗಳು. ಚಿಟಗುಪ್ಪ, ಹುಲಸೂರ ಮತ್ತು ಕಮಲನಗರ ಅನಂತರ ರಚನೆಯಾದವು. ಗೋದಾವರಿಯ ಉಪನದಿಯಾದ ಮಾಂಜ್ರಾ ಮತ್ತು ಅದನ್ನು ಸೇರುವ ಕಾರಂಜಾ ಜಿಲ್ಲೆಯ ಪ್ರಮುಖ ನದಿಗಳು. ಕಾರಂಜಾ ಜಲಾಶಯವು ಭಾಲ್ಕಿ ತಾಲ್ಲೂಕಿನಲ್ಲಿದೆ. ಉಳಿದ ಕಡೆಗಳಲ್ಲಿ ಕೃಷಿಯು ಬಹುಮಟ್ಟಿಗೆ ಮಳೆ ಮತ್ತು ಕೊಳವೆಬಾವಿಗಳನ್ನು ಅವಲಂಬಿಸಿದೆ. ತೊಗರಿ, ಉದ್ದು, ಹೆಸರು, ಸೋಯಾ ಅವರೆ, ಜೋಳ ಮತ್ತು ಕಬ್ಬು ಮುಖ್ಯ ಬೆಳೆಗಳು.

ರಾಜ್ಯದ ಕೆಲವು ದೊಡ್ಡ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳು ರಾಯಚೂರು ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿವೆ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕವು 1985ರಲ್ಲಿ ಕಾರ್ಯಾರಂಭ ಮಾಡಿತು. ಕೇಂದ್ರದ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಜಲವಿದ್ಯುತ್ತಿನ ಮೂಲಗಳು ಬಹುತೇಕ ಪಶ್ಚಿಮ ಘಟ್ಟಗಳಲ್ಲಿವೆ. ಬೀದರ್ ರಾಜ್ಯದ ವಿದ್ಯುತ್ ಜಾಲದ ತುದಿಯಲ್ಲಿದ್ದು, ದೂರದಿಂದ ಬರುವ ವಿದ್ಯುತ್ತನ್ನು ಹೆಚ್ಚಾಗಿ ಅವಲಂಬಿಸಿದೆ. ತಂತಿಯಲ್ಲಿ ಹರಿಯುವ ಪ್ರವಾಹವು ಎರಡು ಪಟ್ಟಾದರೆ ಶಾಖದ ರೂಪದಲ್ಲಾಗುವ ನಷ್ಟವು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಜಾಲದ ತುದಿಯಲ್ಲಿ ಉಳಿಸಿದ ಒಂದು ಯೂನಿಟ್, ಸ್ಥಾವರದ ಬಳಿ ಒಂದಕ್ಕಿಂತ ಹೆಚ್ಚು ಯೂನಿಟ್‌ನ ಉತ್ಪಾದನೆಯನ್ನು ತಪ್ಪಿಸುತ್ತದೆ. ಸ್ಥಳೀಯವಾಗಿ ಉತ್ಪಾದಿಸಿ ಸ್ಥಳೀಯವಾಗಿ ಬಳಸುವ ವಿದ್ಯುತ್ತಿಗೂ ಇದೇ ಅನುಕೂಲವಿದೆ.

ಯಂತ್ರಶಕ್ತಿಯಿಲ್ಲದೆ ನೀರು ಒದಗಿಸುವ ಹಳೆಯ ವ್ಯವಸ್ಥೆಯೊಂದು ಬೀದರ್‌ನಲ್ಲಿದೆ. ನಗರದ ಸಮೀಪದ ನೌಬಾದ್‌ನಲ್ಲಿರುವ ಬಹಮನಿ ಕಾಲದ ಕರೇಜ್, ಅಂದರೆ ಸುರಂಗ ಬಾವಿ, ಭೂಗರ್ಭದ ನೀರನ್ನು ಇಳಿಜಾರಿನ ನೆರವಿನಿಂದಲೇ ಹರಿಸುವ ಪರ್ಷಿಯಾ ಮೂಲದ ತಂತ್ರವಾಗಿದೆ. ಇಂದಿನ ಕೊಳವೆಬಾವಿಗಳು ಇದೇ ಕಾರ್ಯಕ್ಕೆ ವಿದ್ಯುತ್ತನ್ನು ಬಳಸುತ್ತವೆ.

ಕಾನೂನು ಮತ್ತು ಆಡಳಿತದ ಚೌಕಟ್ಟು

ಭಾರತದಲ್ಲಿ ಇಂಧನ ದಕ್ಷತೆಗೆ ಕಾನೂನಿನ ಆಧಾರವನ್ನು ಒದಗಿಸಿದ್ದು 2001ರ ಇಂಧನ ಸಂರಕ್ಷಣಾ ಕಾಯ್ದೆ. ಅದರ ಅನ್ವಯ 2002ರ ಮಾರ್ಚ್ 1ರಂದು ಇಂಧನ ದಕ್ಷತಾ ಬ್ಯೂರೊ (ಬಿಇಇ) ಸ್ಥಾಪನೆಯಾಯಿತು. ವಿದ್ಯುತ್ ಉಪಕರಣಗಳ ಮೇಲೆ ಕಾಣುವ ನಕ್ಷತ್ರ ಗುರುತಿನ ಪಟ್ಟಿಯು 2006ರಲ್ಲಿ ಈ ಸಂಸ್ಥೆಯಿಂದ ಆರಂಭವಾಯಿತು. 2008ರ ಹವಾಮಾನ ಬದಲಾವಣೆಯ ರಾಷ್ಟ್ರೀಯ ಕ್ರಿಯಾ ಯೋಜನೆಯಲ್ಲಿ ಇಂಧನ ದಕ್ಷತೆಗೂ ಸೌರಶಕ್ತಿಗೂ ಪ್ರತ್ಯೇಕ ಅಭಿಯಾನಗಳಿದ್ದವು. 2022ರಲ್ಲಿ ಕಾಯ್ದೆಗೆ ತಂದ ತಿದ್ದುಪಡಿಯು ಇಂಗಾಲದ ಸಾಲಪತ್ರಗಳ ವಹಿವಾಟಿಗೆ ಅವಕಾಶ ಕಲ್ಪಿಸಿತಲ್ಲದೆ, ಕಟ್ಟಡಗಳ ಸಂಹಿತೆಯ ವ್ಯಾಪ್ತಿಯನ್ನು ದೊಡ್ಡ ವಸತಿ ಕಟ್ಟಡಗಳಿಗೂ ವಿಸ್ತರಿಸಿತು.

2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಭಾರತವು 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯನ್ನು ತಲಪುವ ಗುರಿಯನ್ನು ಘೋಷಿಸಿತು. ಒಟ್ಟು ಆಂತರಿಕ ಉತ್ಪನ್ನಕ್ಕೆ ಹೋಲಿಸಿದ ಹೊರಸೂಸುವಿಕೆಯ ತೀವ್ರತೆಯನ್ನು 2030ರೊಳಗೆ 2005ರ ಮಟ್ಟಕ್ಕಿಂತ ಶೇ. 45ರಷ್ಟು ತಗ್ಗಿಸುವುದು 2022ರಲ್ಲಿ ಪರಿಷ್ಕರಿಸಿದ ಗುರಿಗಳಲ್ಲೊಂದು.

ರಾಜ್ಯ ಮಟ್ಟದಲ್ಲಿ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ (ಕ್ರೆಡಲ್) 1996ರಲ್ಲಿ ಸ್ಥಾಪನೆಯಾಯಿತು. ಇಂಧನ ಸಂರಕ್ಷಣಾ ಕಾಯ್ದೆಯನ್ನು ರಾಜ್ಯದಲ್ಲಿ ಅನುಷ್ಠಾನಗೊಳಿಸುವ ನಿಯೋಜಿತ ಸಂಸ್ಥೆಯೂ ಇದೇ ಆಗಿದೆ. 1999ರ ವಿದ್ಯುತ್ ಸುಧಾರಣಾ ಕಾಯ್ದೆಯ ಅನ್ವಯ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯು ವಿಭಜನೆಗೊಂಡಿತು ಮತ್ತು ದರ ನಿಗದಿಯ ಅಧಿಕಾರವು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ದೊರೆಯಿತು. 2002ರಿಂದ ಬೀದರ್ ಜಿಲ್ಲೆಗೆ ವಿದ್ಯುತ್ ವಿತರಿಸುತ್ತಿರುವುದು ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಗುಲ್ಬರ್ಗಾ ವಿದ್ಯುಚ್ಛಕ್ತಿ ಸರಬರಾಜು ಕಂಪನಿ (ಜೆಸ್ಕಾಂ).

ರಾಜ್ಯದ ಮೊದಲ ಸೌರ ನೀತಿಯು 2011–16ರ ಅವಧಿಗೆ 200 ಮೆಗಾವ್ಯಾಟ್‌ನ ಗುರಿಯನ್ನು ಹೊಂದಿತ್ತು. 2014–21ರ ಸೌರ ನೀತಿಯ 2,000 ಮೆಗಾವ್ಯಾಟ್‌ನ ಗುರಿಯನ್ನು ಅನಂತರ 6,000 ಮೆಗಾವ್ಯಾಟ್‌ಗೆ ಏರಿಸಲಾಯಿತು. 2022–27ರ ನವೀಕರಿಸಬಹುದಾದ ಇಂಧನ ನೀತಿಯು ಹೆಚ್ಚುವರಿಯಾಗಿ 10 ಗಿಗಾವ್ಯಾಟ್ ಸಾಮರ್ಥ್ಯವನ್ನು ಸೇರಿಸುವ ಗುರಿ ಹೊಂದಿದ್ದು, ಅದರಲ್ಲಿ 1 ಗಿಗಾವ್ಯಾಟ್‌ವರೆಗೆ ಮೇಲ್ಛಾವಣಿ ಸೌರ ಘಟಕಗಳು ಸೇರಿವೆ.

ಮನೆಬಳಕೆಯ ವಿದ್ಯುತ್

ದೀಪಗಳು

2015ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಉಜಾಲಾ ಯೋಜನೆಯ ಮೂಲಕ ಎಲ್‌ಇಡಿ ಬಲ್ಬುಗಳ ವಿತರಣೆಯನ್ನು ಆರಂಭಿಸಿತು. ಕರ್ನಾಟಕದಲ್ಲಿ ಇದು ಅದೇ ವರ್ಷದ ಕೊನೆಯಲ್ಲಿ 'ಹೊಸ ಬೆಳಕು' ಎಂಬ ಹೆಸರಿನಿಂದ ಜಾರಿಗೆ ಬಂದಿತು. ಬಲ್ಬುಗಳನ್ನು ಒಟ್ಟಾಗಿ ದೊಡ್ಡ ಪ್ರಮಾಣದಲ್ಲಿ ಖರೀದಿಸಿದ್ದರಿಂದ, 2014ರ ಆರಂಭದಲ್ಲಿ 310 ರೂಪಾಯಿ ಇದ್ದ ಸಗಟು ಖರೀದಿ ದರವು 2016ರಲ್ಲಿ 38 ರೂಪಾಯಿಗೆ ಇಳಿಯಿತು.

ಇದರಿಂದಾಗುವ ಉಳಿತಾಯವನ್ನು ಸರಳ ಲೆಕ್ಕದಿಂದ ತಿಳಿಯಬಹುದು. 60 ವ್ಯಾಟ್‌ನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ 30 ದಿನಗಳಲ್ಲಿ 9 ಯೂನಿಟ್ ಬಳಸುತ್ತದೆ. ಹೆಚ್ಚುಕಡಿಮೆ ಅಷ್ಟೇ ಬೆಳಕು ನೀಡುವ 9 ವ್ಯಾಟ್‌ನ ಎಲ್‌ಇಡಿ ಬಲ್ಬು 1.35 ಯೂನಿಟ್ ಬಳಸುತ್ತದೆ. ಭಾರತದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ ಉತ್ಪಾದನೆಗೆ ಸರಾಸರಿ 0.7 ಕಿಲೋಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ಒಂದು ಬಲ್ಬಿನ ಬದಲಾವಣೆಯಿಂದ ತಿಂಗಳಿಗೆ 5 ಕಿಲೋಗ್ರಾಂಗಿಂತ ಹೆಚ್ಚಿನ ಹೊರಸೂಸುವಿಕೆ ತಪ್ಪುತ್ತದೆ.

ಗೃಹಜ್ಯೋತಿ

ಗೃಹಜ್ಯೋತಿ ಯೋಜನೆಯನ್ನು ರಾಜ್ಯ ಸರ್ಕಾರವು 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಉದ್ಘಾಟಿಸಿತು. ತಿಂಗಳಿಗೆ ಗರಿಷ್ಠ 200 ಯೂನಿಟ್‌ಗಳ ಮಿತಿಯೊಳಗೆ, 2022–23ರ ಸರಾಸರಿ ಬಳಕೆಗೆ ನಿಗದಿತ ಹೆಚ್ಚುವರಿಯನ್ನು ಸೇರಿಸಿದ ಪ್ರಮಾಣದ ವಿದ್ಯುತ್ತನ್ನು ಇದು ಉಚಿತವಾಗಿ ನೀಡುತ್ತದೆ. ಅರ್ಹ ಪ್ರಮಾಣವನ್ನು ಮೀರಿದ ಯೂನಿಟ್‌ಗಳಿಗೆ ಗ್ರಾಹಕರು ಹಣ ತೆರಬೇಕು. ಬಳಕೆಯು 200 ಯೂನಿಟ್ ದಾಟಿದರೆ ಪೂರ್ಣ ಬಿಲ್ಲನ್ನು ಪಾವತಿಸಬೇಕು.

ಬಡ ಕುಟುಂಬಗಳ ಮಾಸಿಕ ವೆಚ್ಚವನ್ನು ತಗ್ಗಿಸುವುದು ಯೋಜನೆಯ ಉದ್ದೇಶ. ಸರಾಸರಿ ಆಧಾರಿತ ಮಿತಿಯಿಂದಾಗಿ ಮಿತಿಮೀರಿದ ಬಳಕೆಗೆ ಒಂದು ತಡೆಯೂ ಇದೆ. ಆದರೆ ಬಿಲ್ಲು ಶೂನ್ಯವಾಗಿರುವ ಮನೆಯಲ್ಲಿ ಹಳೆಯ ಫ್ಯಾನನ್ನೋ ಫ್ರಿಜ್ಜನ್ನೋ ಬದಲಿಸಿ ಉಳಿಸಿದ ಯೂನಿಟ್‌ಗಳ ಲಾಭವು ಆ ಕುಟುಂಬಕ್ಕೆ ಸೇರುವುದಿಲ್ಲ. ಸಹಾಯಧನ ಭರಿಸುವ ಸರ್ಕಾರಕ್ಕೆ ಸೇರುತ್ತದೆ.

ಮೇಲ್ಛಾವಣಿ ಸೌರ ಘಟಕ ಮತ್ತು ನೀರು ಕಾಯಿಸುವ ಸಾಧನಗಳು

2024ರ ಫೆಬ್ರುವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು ದೇಶದ ಒಂದು ಕೋಟಿ ಮನೆಗಳ ಮೇಲೆ ಸೌರ ಫಲಕಗಳನ್ನು ಅಳವಡಿಸುವ ಗುರಿ ಹೊಂದಿದೆ. 1 ಕಿಲೋವ್ಯಾಟ್ ಘಟಕಕ್ಕೆ 30,000, 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ಸಾಮರ್ಥ್ಯಕ್ಕೆ 78,000 ರೂಪಾಯಿಗಳ ಸಹಾಯಧನವಿದೆ. 1 ಕಿಲೋವ್ಯಾಟ್ ಘಟಕಕ್ಕೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಅದು ದಿನಕ್ಕೆ ಸರಾಸರಿ 4 ಯೂನಿಟ್ ಉತ್ಪಾದಿಸುತ್ತದೆ. ಆದ್ದರಿಂದ 2 ಕಿಲೋವ್ಯಾಟ್‌ನ ಘಟಕವು ತಿಂಗಳಿಗೆ 240 ಯೂನಿಟ್‌ನಷ್ಟು, ಅಂದರೆ ಗೃಹಜ್ಯೋತಿಯ ಗರಿಷ್ಠ ಮಿತಿಗಿಂತ ಹೆಚ್ಚು ವಿದ್ಯುತ್ತನ್ನು ನೀಡಬಲ್ಲದು. ಆದರೆ ಈಗಾಗಲೇ ಉಚಿತ ವಿದ್ಯುತ್ ಪಡೆಯುತ್ತಿರುವ ಕುಟುಂಬವು ಸಹಾಯಧನ ಕಳೆದು ಉಳಿಯುವ ವೆಚ್ಚವನ್ನು ತಾನೇ ಭರಿಸಲು ಮುಂದಾಗುವ ಸಾಧ್ಯತೆ ಕಡಿಮೆ.

ಸೌರ ನೀರು ಕಾಯಿಸುವ ಸಾಧನವನ್ನು ಅಳವಡಿಸಿಕೊಂಡ ಮನೆಗಳಿಗೆ ಕರ್ನಾಟಕದಲ್ಲಿ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿಗಳವರೆಗೆ ಬಿಲ್ಲಿನಲ್ಲಿ ರಿಯಾಯಿತಿ ನೀಡುವ ಪದ್ಧತಿ ಬಂದಿತು. ಉಳಿತಾಯಕ್ಕೆ ಬಹುಮಾನ ನೀಡುವ ಈ ಕ್ರಮವು ಬಿಲ್ಲು ಪಾವತಿಸುವ ಗ್ರಾಹಕರಿಗೆ ಮಾತ್ರ ಅರ್ಥಪೂರ್ಣವಾಗಿದೆ.

ಕಟ್ಟಡಗಳು

ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು 2007ರಲ್ಲಿ ರೂಪುಗೊಂಡು 2017ರಲ್ಲಿ ಪರಿಷ್ಕೃತವಾಯಿತು. 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ವಿದ್ಯುತ್ ಸಂಪರ್ಕವಿರುವ ವಾಣಿಜ್ಯ ಕಟ್ಟಡಗಳು ಇದರ ವ್ಯಾಪ್ತಿಗೆ ಬರುತ್ತವೆ. ಗೋಡೆ, ಛಾವಣಿ, ಕಿಟಕಿ, ದೀಪ ಮತ್ತು ಹವಾನಿಯಂತ್ರಣಗಳಿಗೆ ಇದು ಕನಿಷ್ಠ ಮಾನದಂಡಗಳನ್ನು ವಿಧಿಸುತ್ತದೆ. ಬೀದರ್‌ನಂತಹ ಮಧ್ಯಮ ಗಾತ್ರದ ನಗರದಲ್ಲಿ ಇಂತಹ ಕಟ್ಟಡಗಳ ಪ್ರಮಾಣ ಕಡಿಮೆ. ಬಹುಪಾಲು ಮನೆಗಳು ಮತ್ತು ಅಂಗಡಿಗಳು ಸಂಹಿತೆಯ ಹೊರಗೇ ಉಳಿಯುತ್ತವೆ. ಈ ಭಾಗದ ದಪ್ಪ ಗೋಡೆಯ ಕಲ್ಲಿನ ಮನೆಗಳು ಮತ್ತು ಮಣ್ಣಿನ ಮಾಳಿಗೆಗಳು ಬೇಸಿಗೆಯ ಹಗಲಿನ ತಾಪವನ್ನು ಒಳಗೆ ನಿಧಾನವಾಗಿ ಬಿಡುತ್ತಿದ್ದವು. ಅವುಗಳ ಸ್ಥಾನದಲ್ಲಿ ಬಂದ ತೆಳುವಾದ ಕಾಂಕ್ರೀಟ್ ಛಾವಣಿಗಳು ಫ್ಯಾನ್ ಮತ್ತು ಕೂಲರ್‌ಗಳ ಅಗತ್ಯವನ್ನು ಹೆಚ್ಚಿಸಿವೆ. ಛಾವಣಿಗೆ ಸುಣ್ಣದಂತಹ ಬಿಳಿಯ ಲೇಪನ ಹಚ್ಚುವುದು ಸಂಹಿತೆಯ ಬಲವಂತವಿಲ್ಲದೆಯೇ ಕೈಗೊಳ್ಳಬಹುದಾದ ಅಗ್ಗದ ದಕ್ಷತಾ ಕ್ರಮವಾಗಿದೆ.

ಕೃಷಿ ಪಂಪ್‌ಸೆಟ್‌ಗಳು

ಉಚಿತ ವಿದ್ಯುತ್ ಮತ್ತು ದಕ್ಷತೆ

ಕರ್ನಾಟಕದಲ್ಲಿ 2008ರಿಂದ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ನೀಡಲಾಗುತ್ತಿದೆ. ಇದರ ವೆಚ್ಚವನ್ನು ರಾಜ್ಯ ಸರ್ಕಾರವು ಜೆಸ್ಕಾಂನಂತಹ ವಿತರಣಾ ಕಂಪನಿಗಳಿಗೆ ಸಹಾಯಧನದ ರೂಪದಲ್ಲಿ ಭರಿಸುತ್ತದೆ. ಬಹುತೇಕ ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲದ ಕಾರಣ ಬಳಕೆಯನ್ನು ಅಂದಾಜಿನಿಂದ ಲೆಕ್ಕ ಹಾಕಲಾಗುತ್ತದೆ.

ಒಂದು ಸಾವಿರ ಲೀಟರ್ ನೀರನ್ನು 100 ಮೀಟರ್ ಆಳದಿಂದ ಮೇಲೆತ್ತಲು ಭೌತಶಾಸ್ತ್ರದ ಲೆಕ್ಕದಂತೆ 0.27 ಯೂನಿಟ್ ಶಕ್ತಿ ಸಾಕು. ಪಂಪು ಮತ್ತು ಮೋಟಾರಿನ ಒಟ್ಟು ದಕ್ಷತೆಯು ಶೇ. 50ರಷ್ಟಿದ್ದರೆ ಸುಮಾರು 0.55 ಯೂನಿಟ್ ಬೇಕಾಗುತ್ತದೆ, ಶೇ. 30ರಷ್ಟಿದ್ದರೆ ಸುಮಾರು 0.9 ಯೂನಿಟ್ ವ್ಯಯವಾಗುತ್ತದೆ. ಪದೇ ಪದೇ ಸುಟ್ಟುಹೋಗಿ ಮರುಸುತ್ತಿದ ಮೋಟಾರುಗಳು, ಆಳಕ್ಕೆ ಹೊಂದದ ಪಂಪುಗಳು ಮತ್ತು ಕಡಿಮೆ ವೋಲ್ಟೇಜು ದಕ್ಷತೆಯನ್ನು ಕುಗ್ಗಿಸುತ್ತವೆ. ವಿದ್ಯುತ್ತಿಗೆ ಬೆಲೆಯಿಲ್ಲದಿರುವಲ್ಲಿ, ಹೆಚ್ಚು ಬೆಲೆಯ ಐದು ನಕ್ಷತ್ರದ ಪಂಪನ್ನು ಕೊಳ್ಳಲು ರೈತನಿಗೆ ಹಣಕಾಸಿನ ಕಾರಣವಿರುವುದಿಲ್ಲ. ಅಂತರ್ಜಲವು 100 ಮೀಟರಿನಿಂದ 150 ಮೀಟರಿಗೆ ಇಳಿದರೆ ಅಷ್ಟೇ ನೀರಿಗೆ ಒಂದೂವರೆ ಪಟ್ಟು ಶಕ್ತಿ ಬೇಕಾಗುತ್ತದೆ. ಹೀಗಾಗಿ ಇಂಗುಗುಂಡಿ, ಕೆರೆಯ ಹೂಳೆತ್ತುವಿಕೆ ಮತ್ತು ಹನಿ ನೀರಾವರಿಗಳು ಪರೋಕ್ಷವಾಗಿ ಇಂಧನ ದಕ್ಷತೆಯ ಕ್ರಮಗಳೂ ಆಗಿವೆ.

ಫೀಡರ್‌ಗಳ ಪ್ರತ್ಯೇಕೀಕರಣ

ನಿರಂತರ ಜ್ಯೋತಿ ಯೋಜನೆಯಡಿ ಹಳ್ಳಿಗಳ ಮನೆಬಳಕೆಯ ಮಾರ್ಗಗಳನ್ನು ಪಂಪ್‌ಸೆಟ್‌ಗಳ ಮಾರ್ಗಗಳಿಂದ ಬೇರ್ಪಡಿಸಲಾಯಿತು. ಮನೆಗಳಿಗೆ ನಿರಂತರವಾಗಿ, ಪಂಪ್‌ಸೆಟ್‌ಗಳಿಗೆ ನಿಗದಿತ ಅವಧಿಗೆ ಮೂರು ಫೇಸ್ ವಿದ್ಯುತ್ ನೀಡುವುದು ಇದರಿಂದ ಸಾಧ್ಯವಾಯಿತು. ಫೀಡರ್ ಮಟ್ಟದಲ್ಲಿ ಮೀಟರ್ ಇರುವುದರಿಂದ ಕೃಷಿ ಬಳಕೆಯ ಅಂದಾಜೂ ಹೆಚ್ಚು ನಿಖರವಾಗುತ್ತದೆ.

ಸೌರ ಪಂಪ್‌ಸೆಟ್‌ಗಳು

ಕರ್ನಾಟಕವು 2014ರಲ್ಲಿ 'ಸೂರ್ಯ ರೈತ' ಯೋಜನೆಯನ್ನು ಪ್ರಕಟಿಸಿ, ರೈತನು ಹೆಚ್ಚುವರಿ ಸೌರ ವಿದ್ಯುತ್ತನ್ನು ಜಾಲಕ್ಕೆ ಮಾರುವ ಪ್ರಯೋಗವನ್ನು ಕನಕಪುರ ತಾಲ್ಲೂಕಿನ ಹಾರೋಬೆಲೆ ಪ್ರದೇಶದಲ್ಲಿ ಕೈಗೊಂಡಿತು. ನೀರನ್ನು ಉಳಿಸಿದ ರೈತನಿಗೆ ವಿದ್ಯುತ್ ಮಾರಾಟದಿಂದ ಆದಾಯ ಬರುತ್ತದೆ ಎಂಬುದು ಇದರ ತತ್ತ್ವ.

2019ರ ಪಿಎಂ–ಕುಸುಮ್ ಯೋಜನೆಯು ಮೂರು ಭಾಗಗಳನ್ನು ಹೊಂದಿದೆ. 'ಎ' ಭಾಗದಲ್ಲಿ ರೈತರ ಬಂಜರು ಅಥವಾ ಪಾಳು ಭೂಮಿಯಲ್ಲಿ 2 ಮೆಗಾವ್ಯಾಟ್‌ವರೆಗಿನ ಸಣ್ಣ ಸ್ಥಾವರಗಳಿಗೆ ಅವಕಾಶವಿದೆ. 'ಬಿ' ಭಾಗದಲ್ಲಿ ಜಾಲದ ಸಂಪರ್ಕವಿಲ್ಲದ ಸೌರ ಪಂಪುಗಳಿಗೆ ಸಹಾಯಧನ ದೊರೆಯುತ್ತದೆ. ಕರ್ನಾಟಕವು ತನ್ನ ಪಾಲನ್ನು ಶೇ. 50ಕ್ಕೆ ಏರಿಸಿದ್ದರಿಂದ, ಕೇಂದ್ರದ ಶೇ. 30ರ ಪಾಲು ಸೇರಿ ರೈತನ ವಂತಿಗೆ ಶೇ. 20ಕ್ಕೆ ಇಳಿಯಿತು. 'ಸಿ' ಭಾಗದಲ್ಲಿ ಈಗಾಗಲೇ ಜಾಲದಲ್ಲಿರುವ ಪಂಪ್‌ಸೆಟ್‌ಗಳಿಗೆ ಅಥವಾ ಇಡೀ ಕೃಷಿ ಫೀಡರ್‌ಗೆ ಸೌರ ವಿದ್ಯುತ್ ಒದಗಿಸಲಾಗುತ್ತದೆ. ಫೀಡರ್ ಮಟ್ಟದ ವ್ಯವಸ್ಥೆಯಲ್ಲಿ ಉಪಕೇಂದ್ರದ ಸಮೀಪವೇ ವಿದ್ಯುತ್ ಉತ್ಪಾದನೆಯಾಗುವುದರಿಂದ ಪ್ರಸರಣ ನಷ್ಟ ಕಡಿಮೆಯಾಗುತ್ತದೆ ಮತ್ತು ರೈತರು ರಾತ್ರಿಯ ಬದಲು ಹಗಲಿನಲ್ಲಿ ನೀರು ಹಾಯಿಸಬಹುದು. ಹಾವು ಚೇಳುಗಳ ಮತ್ತು ವಿದ್ಯುದಾಘಾತದ ಭಯದ ನಡುವೆ ಕತ್ತಲಲ್ಲಿ ಹೊಲಕ್ಕೆ ಹೋಗುವ ಅನಿವಾರ್ಯತೆ ತಪ್ಪುವುದು ಅಂಕಿಅಂಶಗಳಲ್ಲಿ ಕಾಣದ ಪ್ರಯೋಜನವಾಗಿದೆ.

ಆದರೆ ಜಾಲದ ಸಂಪರ್ಕವಿಲ್ಲದ ಸೌರ ಪಂಪು ಬಿಸಿಲಿರುವಷ್ಟು ಕಾಲವೂ ವೆಚ್ಚವಿಲ್ಲದೆ ನೀರೆತ್ತುವುದರಿಂದ ಅಂತರ್ಜಲದ ಮೇಲಿನ ಒತ್ತಡ ಹೆಚ್ಚಬಹುದು ಎಂಬ ಎಚ್ಚರಿಕೆಯೂ ಇದೆ.

ಕಬ್ಬಿನ ಸಿಪ್ಪೆಯಿಂದ ವಿದ್ಯುತ್

ಹಳ್ಳಿಖೇಡ (ಬಿ)ಯ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ, ಭಾಲ್ಕಿ ತಾಲ್ಲೂಕಿನ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ ಮತ್ತು ಬೀದರ್ ತಾಲ್ಲೂಕಿನ ನಾರಂಜಾ ಸಹಕಾರಿ ಸಕ್ಕರೆ ಕಾರ್ಖಾನೆಗಳು ಜಿಲ್ಲೆಯ ಸಹಕಾರಿ ವಲಯದ ಹೆಸರುಗಳು. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯನ್ನು ಬಾಯ್ಲರಿನಲ್ಲಿ ಉರಿಸಿ, ಒಂದೇ ಹಬೆಯಿಂದ ವಿದ್ಯುತ್ತನ್ನೂ ಸಕ್ಕರೆ ತಯಾರಿಕೆಗೆ ಬೇಕಾದ ಶಾಖವನ್ನೂ ಪಡೆಯುವ ವಿಧಾನವನ್ನು ಸಹ-ವಿದ್ಯುತ್ ಉತ್ಪಾದನೆ ಎನ್ನುತ್ತಾರೆ. ಸಿಪ್ಪೆ ಉರಿದಾಗ ಹೊರಬರುವ ಇಂಗಾಲವು ಕಬ್ಬು ಬೆಳೆಯುವಾಗ ಗಾಳಿಯಿಂದ ಹೀರಿದ್ದೇ ಆದ್ದರಿಂದ ಇದನ್ನು ಅಲ್ಪ ಇಂಗಾಲದ ಇಂಧನವೆಂದು ಪರಿಗಣಿಸಲಾಗುತ್ತದೆ. ಈ ಉತ್ಪಾದನೆಯು ಮುಖ್ಯವಾಗಿ ಕಬ್ಬು ಅರೆಯುವ ಹಂಗಾಮಿಗೆ ಸೀಮಿತ. ಅಲ್ಲದೆ ಕಬ್ಬು ಹೆಚ್ಚು ನೀರು ಬೇಡುವ ಬೆಳೆಯಾದ್ದರಿಂದ, ಕೊಳವೆಬಾವಿಯಿಂದ ಬೆಳೆದ ಕಬ್ಬಿನ ವಿಷಯದಲ್ಲಿ ನೀರೆತ್ತಲು ವ್ಯಯವಾದ ವಿದ್ಯುತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಸೌರ ಸ್ಥಾವರಗಳು ಮತ್ತು ಭೂಮಿ

2014–21ರ ಸೌರ ನೀತಿಯಡಿ ಕ್ರೆಡಲ್ ಸಂಸ್ಥೆಯು ಸೌರ ಸ್ಥಾವರಗಳನ್ನು ಒಂದೆಡೆ ಕೇಂದ್ರೀಕರಿಸದೆ ತಾಲ್ಲೂಕುವಾರು ಹಂಚುವ ಉದ್ದೇಶದಿಂದ ಟೆಂಡರ್‌ಗಳನ್ನು ಕರೆಯಿತು. ಈ ಕ್ರಮದಲ್ಲಿ ಭಾಲ್ಕಿ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿ ತಲಾ 20 ಮೆಗಾವ್ಯಾಟ್ ಸಾಮರ್ಥ್ಯದ ಖಾಸಗಿ ಸ್ಥಾವರಗಳು ಬಂದವು. ಭೂಮಾಲೀಕ ರೈತರೇ 1ರಿಂದ 3 ಮೆಗಾವ್ಯಾಟ್‌ನ ಸ್ಥಾವರಗಳನ್ನು ಸ್ಥಾಪಿಸುವ ಅವಕಾಶವನ್ನೂ ಇದೇ ನೀತಿಯು ಕಲ್ಪಿಸಿತ್ತು.

ಬೀದರ್ ಲೋಕಸಭಾ ಕ್ಷೇತ್ರದ ಸದಸ್ಯರಾಗಿದ್ದ ಭಗವಂತ ಖೂಬಾ ಅವರು 2021ರಿಂದ 2024ರವರೆಗೆ ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಖಾತೆಯ ರಾಜ್ಯ ಸಚಿವರಾಗಿದ್ದರು. ಈ ಅವಧಿಯಲ್ಲಿ ಜಿಲ್ಲೆಯಲ್ಲಿ 2,500 ಮೆಗಾವ್ಯಾಟ್‌ನ ಸೌರ ವಲಯದ ಪ್ರಸ್ತಾವವು ರೂಪುಗೊಂಡಿತು. ಇದಕ್ಕೆ ಪೂರಕವಾಗಿ 765 ಕಿಲೋವೋಲ್ಟ್‌ನ ಉಪಕೇಂದ್ರ ಮತ್ತು ತೆಲಂಗಾಣದ ಮಹೇಶ್ವರಂವರೆಗಿನ ಮಾರ್ಗವನ್ನೊಳಗೊಂಡ ಅಂತರರಾಜ್ಯ ಪ್ರಸರಣ ಯೋಜನೆಯನ್ನೂ ರೂಪಿಸಲಾಯಿತು.

ಇಷ್ಟು ದೊಡ್ಡ ಯೋಜನೆಯಲ್ಲಿ ಭೂಮಿಯೇ ಮುಖ್ಯ ಪ್ರಶ್ನೆ. ತುಮಕೂರು ಜಿಲ್ಲೆಯ ಪಾವಗಡದ 2,050 ಮೆಗಾವ್ಯಾಟ್‌ನ ಸೌರ ಪಾರ್ಕು ಸುಮಾರು 13,000 ಎಕರೆಯಲ್ಲಿ ಹರಡಿದೆ. ಅಂದರೆ ಮೆಗಾವ್ಯಾಟ್‌ಗೆ ಆರು ಎಕರೆಗಿಂತ ಹೆಚ್ಚು. ಅದೇ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ 2,500 ಮೆಗಾವ್ಯಾಟ್‌ಗೆ 15,000 ಎಕರೆಗೂ ಮಿಕ್ಕಿ ಭೂಮಿ ಬೇಕು. ಪಾವಗಡದಲ್ಲಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ನಿಗದಿಯಾಗಿ, ಎರಡು ವರ್ಷಗಳಿಗೊಮ್ಮೆ ಶೇ. 5ರಷ್ಟು ಹೆಚ್ಚಳಕ್ಕೆ ಅವಕಾಶವಿತ್ತು. ಮಾಲೀಕತ್ವವು ರೈತರಲ್ಲೇ ಉಳಿದು, ಬರಗಾಲದಲ್ಲೂ ನಿಶ್ಚಿತ ಆದಾಯ ದೊರೆತದ್ದು ಈ ಮಾದರಿಯ ಗುಣ. ಹೊಲಗಳಲ್ಲಿ ದುಡಿಯುತ್ತಿದ್ದ ಭೂರಹಿತ ಕೂಲಿಕಾರರಿಗೆ ಮತ್ತು ದನ-ಕುರಿ ಮೇಯಿಸುವವರಿಗೆ ಬಾಡಿಗೆಯ ಪಾಲು ಸಿಗದಿದ್ದದ್ದು ಅದರ ಕೊರತೆ.

ಔರಾದ್‌ನಂತಹ ಮಳೆಯಾಶ್ರಿತ ತಾಲ್ಲೂಕಿಗೆ ಈ ಎರಡೂ ಅಂಶಗಳು ಅನ್ವಯಿಸುತ್ತವೆ. ಬಿಸಿಲು ಹೆಚ್ಚಿರುವ, ಬೆಳೆಯು ಅನಿಶ್ಚಿತವಾಗಿರುವ ಊರಿನಲ್ಲಿ ಗುತ್ತಿಗೆಯ ಹಣವು ಆಸರೆಯಾಗಬಲ್ಲದು. ಆದರೆ ಕಡತಗಳಲ್ಲಿ 'ಬಂಜರು' ಎಂದು ದಾಖಲಾದ ಭೂಮಿಯು ವಾಸ್ತವದಲ್ಲಿ ಗೋಮಾಳವೋ ಹುಲ್ಲುಗಾವಲೋ ಆಗಿರಬಹುದು. ದೇವಣಿ ತಳಿಯ ಜಾನುವಾರುಗಳಿಗೂ ಕೃಷ್ಣಮೃಗಗಳಿಗೂ ಬೀದರ್ ಹೆಸರಾಗಿರುವುದರಿಂದ ಈ ವಿವೇಚನೆಗೆ ಇಲ್ಲಿ ಹೆಚ್ಚಿನ ಮಹತ್ತ್ವವಿದೆ.

ಚರ್ಚೆ

ಮೇಲಿನ ನೀತಿಗಳ ನಡುವಿನ ವಿರೋಧವನ್ನು ಪರಿಹರಿಸಲು ಸಾಮಾನ್ಯವಾಗಿ ಮೂರು ಮಾರ್ಗಗಳು ಚರ್ಚೆಗೆ ಬರುತ್ತವೆ. ಮೊದಲನೆಯದು, ಸಹಾಯಧನವನ್ನು ಹಿಂಪಡೆಯದೆ ಅದರ ರೂಪವನ್ನು ಬದಲಿಸುವುದು: ಉಚಿತ ಯೂನಿಟ್‌ಗಳಿಗೆ ಪ್ರತಿವರ್ಷ ವ್ಯಯಿಸುವ ಹಣದ ಒಂದು ಭಾಗವನ್ನು ದಕ್ಷ ಪಂಪು, ಫ್ಯಾನು ಮತ್ತು ಮೇಲ್ಛಾವಣಿ ಫಲಕಗಳಿಗೆ ಒಮ್ಮೆ ತೊಡಗಿಸಿದರೆ ಮುಂದಿನ ವರ್ಷಗಳ ಹೊರೆ ತಗ್ಗುತ್ತದೆ. ಎರಡನೆಯದು, ಉಳಿಸಿದ ಯೂನಿಟ್‌ಗೆ ಬಳಕೆದಾರರಿಗೇ ಹಣ ನೀಡುವುದು. ಸೂರ್ಯ ರೈತ ಯೋಜನೆಯ ತಿರುಳು ಇದೇ ಆಗಿತ್ತು. ಮೂರನೆಯದು, ದೊಡ್ಡ ಪಾರ್ಕುಗಳ ಜೊತೆಗೆ ಉಪಕೇಂದ್ರಗಳ ಸಮೀಪದ ಸಣ್ಣ ಸ್ಥಾವರಗಳಿಗೆ ಆದ್ಯತೆ ನೀಡುವುದು.

ಇವುಗಳಲ್ಲಿ ಯಾವುದೂ ಮೀಟರ್ ಇಲ್ಲದೆ ಸಾಧ್ಯವಲ್ಲ. ಅಳೆಯದ ಬಳಕೆಯಲ್ಲಿ ಉಳಿತಾಯವನ್ನು ಗುರುತಿಸಲಾಗುವುದಿಲ್ಲ. ಮೀಟರ್ ಅಳವಡಿಸಿದರೆ ಮುಂದೆ ಶುಲ್ಕ ವಿಧಿಸುತ್ತಾರೆಂಬ ರೈತರ ಆತಂಕವು ಇದಕ್ಕೆ ಬಹುಕಾಲದಿಂದ ಅಡ್ಡಿಯಾಗಿದೆ. ಆದ್ದರಿಂದ ಜಿಲ್ಲೆಯ ಮಟ್ಟದಲ್ಲಿ ಈ ನೀತಿಗಳ ಯಶಸ್ಸು ತಂತ್ರಜ್ಞಾನದಷ್ಟೇ ಸರ್ಕಾರ ಮತ್ತು ಬಳಕೆದಾರರ ನಡುವಿನ ವಿಶ್ವಾಸವನ್ನೂ ಅವಲಂಬಿಸಿದೆ.